ಹೇಳಬೇಕಾ, ಬಿಡಬೇಕಾ? ಹೆಸರಾಂತ ಸಲಿಂಗಿಗಳ ಮೇಲಿನ ಒತ್ತಾಯ

2022ರಲ್ಲಿ ಆರು ತಿಂಗಳ ಒಳಗೆ ಒಂದೇ ಬಗೆಯ ಮೂರು ಸುದ್ದಿಗಳು ಬಂದವು. ಮೂರಕ್ಕೂ ಜನ ಒಂದೇ ರೀತಿ ಪ್ರತಿಕ್ರಿಯಿಸಲಿಲ್ಲ.

ಮೇ ತಿಂಗಳಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಕ್ಲಬ್ಬಿನ ಫುಟ್‌ಬಾಲ್ ಆಟಗಾರ ಜೇಕ್ ಡೇನಿಯಲ್ಸ್ ತಾನು ಗೇ ಎಂದು ಹೇಳಿಕೊಂಡರು. ಆಗ ಅವರಿಗೆ ಬರೀ 17 ವರ್ಷ. ದೇಶದ ಪ್ರಧಾನಿ, ರಾಜಕುಮಾರ ವಿಲಿಯಂ ಎಲ್ಲರೂ ಬೆನ್ನು ತಟ್ಟಿದರು.

ಜೂನ್‌ನಲ್ಲಿ ಆಸ್ಟ್ರೇಲಿಯಾದ ನಟಿ ರೆಬೆಲ್ ವಿಲ್ಸನ್ ತನ್ನ ಸಂಗಾತಿ ಒಬ್ಬ ಹೆಣ್ಣು ಎಂದು ಇನ್‌ಸ್ಟಾಗ್ರಾಮ್‌ನಲ್ಲಿ ತಿಳಿಸಿದರು. ಅದಕ್ಕೂ ಶುಭಾಶಯ ಹರಿದು ಬಂತು. ಆದರೆ ಒಂದೆರಡು ದಿನದಲ್ಲೇ ಗೊತ್ತಾಯಿತು, ಆ ಗಳಿಗೆಯನ್ನು ಆರಿಸಿಕೊಂಡವರು ಅವರಲ್ಲ ಅಂತ. ಸಿಡ್ನಿ ಮಾರ್ನಿಂಗ್ ಹೆರಾಲ್ಡ್ ಪತ್ರಿಕೆಯ ಅಂಕಣಕಾರರೊಬ್ಬರು ಈ ವಿಷಯ ಬರೆಯುತ್ತೇವೆ ಎಂದು ಹೇಳಿ, ಉತ್ತರಿಸಲು ಎರಡೇ ದಿನ ಗಡುವು ಕೊಟ್ಟಿದ್ದರು. ಬೇರೆಯವರು ಬರೆಯುವ ಮೊದಲು ತಾನೇ ಹೇಳಿಬಿಡೋಣ ಎಂದು ವಿಲ್ಸನ್ ಹೇಳಿದ್ದರು. ಜನರ ಸಿಟ್ಟು ಪತ್ರಿಕೆಯ ಕಡೆ ತಿರುಗಿತು. ಪತ್ರಿಕೆ ಆ ಬರಹವನ್ನು ತೆಗೆದುಹಾಕಿ ಕ್ಷಮೆ ಕೇಳಿತು.

ಅಕ್ಟೋಬರ್ 31ರಂದು ಬ್ರಿಟಿಷ್ ನಟ ಕಿಟ್ ಕಾನರ್ ತಾನು ಬೈಸೆಕ್ಷುಯಲ್, ಅಂದರೆ ಗಂಡು ಹೆಣ್ಣು ಇಬ್ಬರ ಕಡೆಗೂ ಒಲವಿರುವವನು, ಎಂದು ಟ್ವೀಟ್ ಮಾಡಿದರು. "18 ವರ್ಷದ ಹುಡುಗನೊಬ್ಬ ತನ್ನ ಗುಟ್ಟನ್ನು ತಾನೇ ಬಿಚ್ಚಿಡುವಂತೆ ಮಾಡಿದ್ದಕ್ಕೆ ಅಭಿನಂದನೆಗಳು" ಎಂದೂ ಸೇರಿಸಿದರು. ಅವರನ್ನು ಹಾಗೆ ಮೂಲೆಗೆ ಒತ್ತಿದವರು ಸಲಿಂಗಿಗಳನ್ನು ದ್ವೇಷಿಸುವವರೇನಲ್ಲ. ಸಲಿಂಗಿಗಳ ಪರ ಇದ್ದೇವೆ ಎನ್ನುವ ಅಭಿಮಾನಿಗಳೇ. ಪರದೆಯ ಮೇಲೆ ಅಂಥ ಪಾತ್ರ ಮಾಡುವವನು ನಿಜ ಜೀವನದಲ್ಲಿ ಏನು ಎಂದು ಹೇಳಲೇಬೇಕು ಅಂತ ಅವರು ತಿಂಗಳುಗಟ್ಟಲೆ ಬೆನ್ನುಹತ್ತಿದ್ದರು.

ಒಬ್ಬರು ಹೇಳಿದರೆ ಧೀರ. ಇನ್ನೊಬ್ಬರ ವಿಷಯ ಹೊರಬಂದರೆ ಅನ್ಯಾಯ. ಓದುಗರಿಗೆ ಗೊಂದಲ ಆಗುವುದು ಸಹಜ ಅಲ್ವಾ? ಇದು ಹೇಳಬೇಕಾದ ವಿಷಯವೋ, ಹೇಳಬಾರದ ವಿಷಯವೋ?

## ಒಂದೇ ಪ್ರಶ್ನೆಯಲ್ಲಿ ಮೂರು ಪ್ರಶ್ನೆ

"ಹೆಸರಾಂತ ಸಲಿಂಗಿಗಳು ಬಹಿರಂಗವಾಗಿ ಇರಬೇಕಾ?" ಎಂದು ಕೇಳಿದಾಗ ನಾವು ಮೂರು ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿರುತ್ತೇವೆ. ಅವರು ಹೇಳಿದರೆ ಒಳ್ಳೆಯದಾಗುತ್ತದಾ ಎನ್ನುವುದು ಒಂದು. ಹೇಳುವುದು ಅವರ ಕರ್ತವ್ಯವಾ ಎನ್ನುವುದು ಇನ್ನೊಂದು. ಅವರು ಹೇಳದಿದ್ದರೆ ಬೇರೆಯವರು ಹೇಳಬಹುದಾ ಎನ್ನುವುದು ಮೂರನೆಯದು.

ಮೊದಲನೆಯದಕ್ಕೆ ಹೌದು ಎಂದವರು ಉಳಿದೆರಡಕ್ಕೂ ಹೌದು ಎನ್ನಲೇಬೇಕೆಂದಿಲ್ಲ. ಡೇನಿಯಲ್ಸ್‌ಗೆ ಚಪ್ಪಾಳೆ ತಟ್ಟಿದವರೇ ವಿಲ್ಸನ್ ವಿಷಯದಲ್ಲಿ ಪತ್ರಿಕೆಯನ್ನು ಬೈದದ್ದು ಇದೇ ಕಾರಣಕ್ಕೆ. ಅದರಲ್ಲಿ ವಿರೋಧಾಭಾಸ ಇಲ್ಲ. ತಾನಾಗಿ ಹೇಳುವುದಕ್ಕೆ 'ಕಮಿಂಗ್ ಔಟ್' ಅನ್ನುತ್ತಾರೆ. ಇನ್ನೊಬ್ಬರ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಹೊರಹಾಕುವುದು 'ಔಟಿಂಗ್'. ಕೊನೆಗೆ ಊರಿಗೆ ತಿಳಿಯುವ ಸಂಗತಿ ಒಂದೇ ಇರಬಹುದು. ಮನೆಯವರು ತಾವೇ ಬಾಗಿಲು ತೆರೆಯುವುದಕ್ಕೂ ಯಾರೋ ಬಾಗಿಲು ಒಡೆಯುವುದಕ್ಕೂ ಇರುವಷ್ಟು ಅಂತರ ಇವೆರಡರ ನಡುವೆ ಇದೆ.

ಗೊಂದಲಕ್ಕೆ ನಮ್ಮ ಭಾಷೆಯದೂ ಒಂದು ಪಾಲಿದೆ. ಕನ್ನಡ ಪತ್ರಿಕೆಗಳು ಬಹುಕಾಲ ಬಳಸಿದ ಪದ 'ಸಲಿಂಗಕಾಮಿ'. ಆ ಪದದ ಒಳಗೇ 'ಕಾಮ' ಕೂತಿದೆ. ಒಬ್ಬ ನಟ ಮದುವೆಯಾದರೆ ನಾವು 'ಭಿನ್ನಲಿಂಗಕಾಮಿ ನಟ' ಎಂದು ಬರೆಯುವುದಿಲ್ಲ, ಮದುಮಗ ಎನ್ನುತ್ತೇವೆ. ಹಾಗಾಗಿ ಒಬ್ಬ ಗಂಡಸು "ಇವನು ನನ್ನ ಸಂಗಾತಿ" ಎಂದಾಗ ಕೇಳಿದವರಿಗೆ ಮನೆ, ಊಟ, ಜಗಳ, ಆಸ್ಪತ್ರೆಯ ಓಡಾಟ ಯಾವುದೂ ನೆನಪಾಗದೆ ಹಾಸಿಗೆ ಒಂದೇ ನೆನಪಾಗುತ್ತದೆ. "ಇದನ್ನೆಲ್ಲ ಯಾಕಪ್ಪಾ ನಮಗೆ ಹೇಳ್ತಾರೆ?" ಎಂಬ ಮುಜುಗರ ಹುಟ್ಟುವುದು ಅಲ್ಲಿಂದ. 'ಸಲಿಂಗಿ', 'ಸಲಿಂಗ ಪ್ರೇಮಿ' ಎಂಬ ಪದಗಳನ್ನು ಅನೇಕರು ಆರಿಸಿಕೊಳ್ಳುವುದು ಸುಮ್ನೆ ಅಲ್ಲ.

## "ಅದು ಅವರ ಖಾಸಗಿ ವಿಷಯ"

ಹೇಳಬೇಕಾಗಿಲ್ಲ ಎನ್ನುವವರ ದೊಡ್ಡ ವಾದ ಇದು. ಇದಕ್ಕೆ ಕಾನೂನಿನ ಬಲವೂ ಇದೆ. 2017ರ ಆಗಸ್ಟ್ 24ರಂದು ಭಾರತದ ಸುಪ್ರೀಂ ಕೋರ್ಟ್ ಪುಟ್ಟಸ್ವಾಮಿ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಲೈಂಗಿಕ ಒಲವು ಆ ಖಾಸಗಿತನದ ಭಾಗ ಎಂದೂ ಹೇಳಿತು. ಮರುವರ್ಷ ಸೆಪ್ಟೆಂಬರ್ 6ರಂದು, ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಂ ಕುರಿತ ತೀರ್ಪು ಬಂದಾಗ ಈ ಮಾತೇ ಒಂದು ಮುಖ್ಯ ಆಧಾರವಾಯಿತು.

ಆದರೆ 'ಖಾಸಗಿ' ಎನ್ನುವ ಪದವನ್ನು ನಾವು ಎಲ್ಲರಿಗೂ ಒಂದೇ ಅಳತೆಯಲ್ಲಿ ಬಳಸುವುದಿಲ್ಲ. ಪ್ರಶಸ್ತಿ ತೆಗೆದುಕೊಂಡ ನಟ ವೇದಿಕೆಯ ಮೇಲೆ ಹೆಂಡತಿಗೆ ಥ್ಯಾಂಕ್ಸ್ ಹೇಳುತ್ತಾರೆ. ಮಂತ್ರಿ ಪ್ರಮಾಣವಚನ ತೆಗೆದುಕೊಳ್ಳುವಾಗ ಕುಟುಂಬ ಮುಂದಿನ ಸಾಲಿನಲ್ಲಿ ಕೂರುತ್ತದೆ. ಕಪ್ ಗೆದ್ದ ಆಟಗಾರ ಮೈದಾನದಲ್ಲೇ ಮಗುವನ್ನು ಎತ್ತಿಕೊಳ್ಳುತ್ತಾರೆ. ಇದ್ಯಾವುದೂ ನಮಗೆ ಘೋಷಣೆ ಅನ್ನಿಸುವುದಿಲ್ಲ. ಅಲ್ಲಿ ನಡೆಯುತ್ತಿರುವುದೂ ತಮ್ಮ ಒಲವು ಯಾರ ಕಡೆ ಎಂದು ಜಗತ್ತಿಗೆ ತಿಳಿಸುವ ಕೆಲಸವೇ. ಎಲ್ಲರೂ ಮಾಡುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಸಲಿಂಗಿಯೊಬ್ಬರು ಅದೇ ವೇದಿಕೆಯ ಮೇಲೆ ಸುಮ್ಮನಿರಬೇಕು ಎಂದರೆ ಅದಕ್ಕೆ ದುಡಿಮೆ ಬೇಕು. ಸಂಗಾತಿಯನ್ನು 'ಗೆಳೆಯ' ಎಂದೋ 'ಮ್ಯಾನೇಜರ್' ಎಂದೋ ಪರಿಚಯಿಸಬೇಕು. ಕ್ಯಾಮೆರಾ ಬಂದಾಗ ಒಂದು ಹೆಜ್ಜೆ ದೂರ ನಿಲ್ಲಬೇಕು. "ಮದುವೆ ಯಾವಾಗ?" ಎಂದು ಸಂದರ್ಶಕರು ಕೇಳಿದಾಗ ನಗುತ್ತಾ ಮಾತು ತಿರುಗಿಸುವುದಕ್ಕೆ ಮೊದಲೇ ತಯಾರಾಗಿರಬೇಕು.

ಆ ಪ್ರಶ್ನೆ ಎಷ್ಟು ಭಾರ ಇರಬಹುದು ಎನ್ನುವುದಕ್ಕೆ ಗಾಯಕ ರಿಕಿ ಮಾರ್ಟಿನ್ ಉದಾಹರಣೆ ಇದೆ. 2000ನೇ ಇಸವಿಯಲ್ಲಿ ಟಿವಿ ಸಂದರ್ಶಕಿ ಬಾರ್ಬರಾ ವಾಲ್ಟರ್ಸ್ ಅವರನ್ನು ನೇರವಾಗಿ ಒತ್ತಾಯಿಸಿದರು. ಹೌದು ಅನ್ನಿ ಅಥವಾ ಇಲ್ಲ ಅನ್ನಿ, ಗಾಳಿಮಾತು ನಿಲ್ಲುತ್ತದೆ ಎಂಬ ಧಾಟಿಯಲ್ಲಿ. ಮಾರ್ಟಿನ್ ತಡವರಿಸಿ ಮಾತು ದಾಟಿಸಿದರು. ತಾನು ಗೇ ಎಂದು ಅವರು ಹೇಳಿದ್ದು 2010ರ ಮಾರ್ಚ್‌ನಲ್ಲಿ, ಹತ್ತು ವರ್ಷ ಆದ ಮೇಲೆ. ಆ ಪ್ರಶ್ನೆ ಕೇಳಬಾರದಿತ್ತು ಎಂದು ವಾಲ್ಟರ್ಸ್ ಕೂಡ ಆಮೇಲೆ ಒಪ್ಪಿಕೊಂಡರು.

ಹಾಗಾದರೆ ಖಾಸಗಿ ಎಂಬ ವಾದ ತಪ್ಪೇ? ತಪ್ಪಲ್ಲ. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂಬ ಹಿಡಿತ ಆ ವ್ಯಕ್ತಿಯ ಕೈಯಲ್ಲೇ ಇರಬೇಕು ಎನ್ನುವುದು ಅದರ ತಿರುಳು. ತೊಂದರೆ ಬರುವುದು 'ನಿನ್ನ ಹಕ್ಕು' ಎಂಬ ಮಾತು 'ಬಾಯಿ ಮುಚ್ಚಿಕೊಂಡಿರು' ಎಂಬ ಅಪ್ಪಣೆಯಾಗಿ ಬದಲಾದಾಗ.

## ಹೇಳಿದರೆ ಏನು ಬದಲಾಗುತ್ತದೆ?

ಹೇಳಬೇಕು ಎನ್ನುವವರ ವಾದಕ್ಕೆ ಗಟ್ಟಿ ಇತಿಹಾಸ ಇದೆ. 1978ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಪ್ರಸ್ತಾವ ಮತಕ್ಕೆ ಬಂತು. ಸಲಿಂಗಿಗಳು ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡದಂತೆ ತಡೆಯುವ ಪ್ರಸ್ತಾವ ಅದು. ಮೊದಲ ಸಮೀಕ್ಷೆಗಳಲ್ಲಿ ಅದು ಗೆಲ್ಲುವಂತೆ ಕಾಣುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಚುನಾಯಿತ ಪ್ರತಿನಿಧಿ ಹಾರ್ವಿ ಮಿಲ್ಕ್ ಸಲಿಂಗಿಗಳಿಗೆ ಹೇಳಿದ್ದು ಒಂದೇ ಮಾತು: ನಿಮ್ಮ ಅಪ್ಪ ಅಮ್ಮನಿಗೆ ಹೇಳಿ, ನೆಂಟರಿಗೆ ಹೇಳಿ, ಅಕ್ಕಪಕ್ಕದವರಿಗೆ ಹೇಳಿ, ಕೆಲಸ ಮಾಡುವ ಕಡೆ ಹೇಳಿ. ನವೆಂಬರ್ 7ರಂದು ಪ್ರಸ್ತಾವ ಸೋತಿತು. ಶೇ. 58ರಷ್ಟು ಮತಗಳು ಅದರ ವಿರುದ್ಧ ಬಿದ್ದವು. ಅದಾದ ಇಪ್ಪತ್ತು ದಿನಕ್ಕೆ ಮಿಲ್ಕ್ ಕೊಲೆಯಾದರು.

ಅವರ ತರ್ಕ ಸರಳ. ಗೊತ್ತಿಲ್ಲದವರ ಬಗ್ಗೆ ಹೆದರಿಸುವುದು ಸುಲಭ, ಗೊತ್ತಿರುವವರ ಬಗ್ಗೆ ಕಷ್ಟ. ಮತ ಹಾಕುವಾಗ ತಲೆಯಲ್ಲಿ ಒಂದು ಭೂತ ಇದ್ದರೆ ಒಂದು ಗುಂಡಿ ಒತ್ತುತ್ತೇವೆ. ಪಕ್ಕದ ಮನೆಯ ಮೇಷ್ಟ್ರು ಇದ್ದರೆ ಬೇರೆ ಗುಂಡಿ. ಹೆಸರಾಂತರ ಪಾತ್ರ ಇಲ್ಲೇ ಬರುತ್ತದೆ. ಎಷ್ಟೋ ಜನರಿಗೆ ತಮ್ಮ ಪರಿಚಯದಲ್ಲಿ ಒಬ್ಬ ಸಲಿಂಗಿಯೂ ಇಲ್ಲ ಎಂಬ ಭಾವನೆ ಇರುತ್ತದೆ. ಅಂಥವರಿಗೆ ದಿನಾ ಪರದೆಯ ಮೇಲೆ ನೋಡುವ ಮುಖವೇ ಮೊದಲ ಪರಿಚಯ.

1988ರಲ್ಲಿ ಬ್ರಿಟನ್‌ನಲ್ಲಿ ಸ್ಥಳೀಯ ಆಡಳಿತಗಳು ಸಲಿಂಗಿಗಳ ಬದುಕಿಗೆ 'ಉತ್ತೇಜನ' ಕೊಡಬಾರದು ಎಂಬ ಸೆಕ್ಷನ್ 28 ಬಂತು. ಅದರ ಚರ್ಚೆ ನಡೆಯುತ್ತಿದ್ದಾಗಲೇ ನಟ ಇಯಾನ್ ಮೆಕ್ಕೆಲನ್ ಬಿಬಿಸಿ ರೇಡಿಯೊದಲ್ಲಿ ತಾನು ಗೇ ಎಂದು ಹೇಳಿದರು. ಕಾನೂನು ಆದರೂ ಜಾರಿಯಾಯಿತು. ಆದರೆ ವಿರೋಧಕ್ಕೆ ಒಂದು ದೊಡ್ಡ ದನಿ ಸಿಕ್ಕಿತು.

2015ರ ಜನವರಿಯಲ್ಲಿ ಐರ್ಲೆಂಡಿನ ಆರೋಗ್ಯ ಸಚಿವ ಲಿಯೋ ವರಾಡ್ಕರ್ ರೇಡಿಯೊ ಸಂದರ್ಶನದಲ್ಲಿ ಹೇಳಿಕೊಂಡರು. ಆ ವರ್ಷ ಸಲಿಂಗ ಮದುವೆಯ ಜನಮತಗಣನೆ ಇತ್ತು. ಇಂಥ ವಿಷಯಗಳಲ್ಲಿ ತಾನು ತೀರ್ಮಾನ ತೆಗೆದುಕೊಳ್ಳುವಾಗ ಒಳಗೊಳಗೆ ಏನೋ ಉದ್ದೇಶ ಇದೆ ಎಂದು ಜನ ಅಂದುಕೊಳ್ಳುವುದು ಬೇಡ ಎಂಬುದು ಅವರು ಕೊಟ್ಟ ಕಾರಣ. ಮೇ 22ರ ಜನಮತಗಣನೆಯಲ್ಲಿ ಶೇ. 62ರಷ್ಟು ಜನ ಹೌದು ಎಂದರು. ಎರಡು ವರ್ಷ ಕಳೆದು ವರಾಡ್ಕರ್ ಪ್ರಧಾನಿಯಾದರು. ಇಲ್ಲಿ ಒಂದು ಎಚ್ಚರದ ಮಾತು ಹೇಳಬೇಕು. ಮದುವೆಯ ಕಾನೂನಿಗೆ ಮತ ಹಾಕುವ ಮದುವೆಯಾದ ಮಂತ್ರಿಗಳನ್ನು ಯಾರೂ "ನಿಮ್ಮ ಸ್ವಂತ ಹಿತ ಏನು?" ಎಂದು ಕೇಳುವುದಿಲ್ಲ. ವರಾಡ್ಕರ್ ಹೇಳಿದ್ದು ಅವರ ದೊಡ್ಡತನ. ಅದನ್ನು ಎಲ್ಲ ಸಲಿಂಗಿ ರಾಜಕಾರಣಿಗಳಿಗೂ ನಿಯಮ ಮಾಡಿದರೆ ಅನುಮಾನದ ಹೊರೆ ಒಂದೇ ಕಡೆಯವರ ಮೇಲೆ ಬೀಳುತ್ತದೆ.

ಇದೆಲ್ಲ ಬರೀ ಹೆಸರಾಂತರಿಂದ ಆಯಿತು ಎನ್ನುವುದೂ ಸರಿಯಲ್ಲ. ಗ್ಯಾಲಪ್ ಸಮೀಕ್ಷೆಯ ಪ್ರಕಾರ ಅಮೆರಿಕದಲ್ಲಿ 1996ರಲ್ಲಿ ಸಲಿಂಗ ಮದುವೆಗೆ ಬೆಂಬಲ ಶೇ. 27 ಇತ್ತು, 2021ರಲ್ಲಿ ಶೇ. 70 ಆಯಿತು. ನ್ಯಾಯಾಲಯದ ಹೋರಾಟಗಳು, ಹೊಸ ತಲೆಮಾರು, ಎಲ್ಲಕ್ಕಿಂತ ಜಾಸ್ತಿಯಾಗಿ ಮನೆಮನೆಗಳಲ್ಲಿ ಹೆಸರಿಲ್ಲದ ಸಾವಿರಾರು ಮಂದಿ ಅಮ್ಮನ ಮುಂದೆ ಕೂತು ಹೇಳಿದ ಮಾತು, ಇವೆಲ್ಲ ಸೇರಿದ ಫಲ ಅದು. ಹೆಸರಾಂತರು ಆ ಮಾತು ಶುರು ಮಾಡಲು ಒಂದು ನೆಪ ಕೊಟ್ಟರು ಎನ್ನಬಹುದು.

## ಲಾಭ ಎಲ್ಲರಿಗೆ, ನಷ್ಟ ಒಬ್ಬರಿಗೆ

ನನ್ನ ಪ್ರಕಾರ ಈ ಚರ್ಚೆಯ ಗಂಟು ಇರುವುದು ಇಲ್ಲಿ. ಒಬ್ಬರು ಬಹಿರಂಗವಾಗಿ ಹೇಳಿದಾಗ ಲಾಭ ಹಂಚಿಹೋಗುತ್ತದೆ. ದೂರದ ಯಾವುದೋ ಹುಡುಗನಿಗೆ ಧೈರ್ಯ ಬರುತ್ತದೆ, ಯಾವುದೋ ತಾಯಿಯ ಮನಸ್ಸು ಮೆದುವಾಗುತ್ತದೆ. ನಷ್ಟ ಮಾತ್ರ ಹಂಚಿಹೋಗುವುದಿಲ್ಲ. ಅದು ಪೂರ್ತಿ ಹೇಳಿದವರ ತಲೆ ಮೇಲೆ ಬೀಳುತ್ತದೆ, ಅದೂ ತಕ್ಷಣ.

1981ರಲ್ಲಿ ಟೆನಿಸ್ ತಾರೆ ಬಿಲ್ಲಿ ಜೀನ್ ಕಿಂಗ್ ಅವರ ಮಾಜಿ ಸಂಗಾತಿ ಮೊಕದ್ದಮೆ ಹೂಡಿದಾಗ ವಿಷಯ ಹೊರಬಂತು. 24 ಗಂಟೆಯೊಳಗೆ ಜಾಹೀರಾತು ಒಪ್ಪಂದಗಳೆಲ್ಲ ಕೈಬಿಟ್ಟುಹೋದವು ಎಂದು ಕಿಂಗ್ ಹೇಳಿದ್ದಾರೆ. ಅದೇ ವರ್ಷ ಮಾರ್ಟಿನಾ ನವ್ರಾಟಿಲೋವಾ ಅಮೆರಿಕದ ಪೌರತ್ವಕ್ಕೆ ಕಾಯುತ್ತಿದ್ದರು. ವಿಷಯ ಗೊತ್ತಾದರೆ ಪೌರತ್ವವೇ ಸಿಗದೆ ಹೋಗಬಹುದು ಎಂಬ ಭಯ ಅವರಿಗಿತ್ತು. ಪೌರತ್ವ ಸಿಕ್ಕ ಕೆಲವೇ ದಿನಕ್ಕೆ, ಬೇಡ ಎಂದು ಕೇಳಿಕೊಂಡಿದ್ದರೂ, ಪತ್ರಿಕೆಯೊಂದು ಪ್ರಕಟಿಸಿತು. 1997ರಲ್ಲಿ ನಟಿ ಎಲೆನ್ ಡಿಜೆನೆರಸ್ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಹೇಳಿಕೊಂಡರು. ಮರುವರ್ಷ ಅವರ ಧಾರಾವಾಹಿ ನಿಂತಿತು, ಆಮೇಲೆ ಕೆಲವು ವರ್ಷ ಹೇಳಿಕೊಳ್ಳುವಂಥ ಕೆಲಸ ಇರಲಿಲ್ಲ.

ಫುಟ್‌ಬಾಲಿನ ಕಥೆ ಇನ್ನೂ ಕಹಿ. 1990ರಲ್ಲಿ ಇಂಗ್ಲೆಂಡಿನ ಆಟಗಾರ ಜಸ್ಟಿನ್ ಫಷಾನು ಹೇಳಿಕೊಂಡಾಗ ಸ್ವಂತ ತಮ್ಮನೇ ಪತ್ರಿಕೆಯಲ್ಲಿ ಅವರಿಂದ ದೂರ ಸರಿದರು. ಗ್ಯಾಲರಿಯಿಂದ ಬೈಗುಳ ಬರುತ್ತಿತ್ತು. 1998ರಲ್ಲಿ, 37ನೇ ವಯಸ್ಸಿನಲ್ಲಿ, ಫಷಾನು ತಮ್ಮ ಜೀವ ತಾವೇ ತೆಗೆದುಕೊಂಡರು. ಆ ಸಾವಿಗೆ ಕಾರಣ ಒಂದೇ ಅಲ್ಲ. ಆದರೆ ಅಲ್ಲಿನ ಪುರುಷರ ವೃತ್ತಿಪರ ಫುಟ್‌ಬಾಲಿನಲ್ಲಿ ಆಡುತ್ತಿರುವಾಗಲೇ ಹೇಳಿಕೊಂಡ ಮುಂದಿನ ಆಟಗಾರ ಬರಲು 2022ರ ತನಕ ಕಾಯಬೇಕಾಯಿತು. 32 ವರ್ಷ. ಅಷ್ಟು ವರ್ಷ ಎಲ್ಲರೂ ಫಷಾನು ತೆತ್ತ ಬೆಲೆಯನ್ನು ನೋಡಿಯೇ ತಮ್ಮ ಲೆಕ್ಕ ಹಾಕಿಕೊಂಡಿರಬೇಕು.

ಬೆಲೆ ಎಲ್ಲ ಕಸುಬಿನಲ್ಲೂ ಒಂದೇ ಅಲ್ಲ. ನಟರ ಹೆದರಿಕೆ, ಪ್ರೇಮಿಯ ಪಾತ್ರ ಯಾರೂ ಕೊಡುವುದಿಲ್ಲ ಎನ್ನುವುದು. ತನಗೆ ಹಾಗೇ ಆಯಿತು ಎಂದು ಬ್ರಿಟಿಷ್ ನಟ ರೂಪರ್ಟ್ ಎವರೆಟ್ ಹೇಳಿದ್ದಾರೆ. ಇನ್ನೊಂದು ಕಡೆ ನೀಲ್ ಪ್ಯಾಟ್ರಿಕ್ ಹ್ಯಾರಿಸ್ 2006ರಲ್ಲಿ ಹೇಳಿಕೊಂಡ ಮೇಲೂ ಟಿವಿಯಲ್ಲಿ ಹುಡುಗಿಯರ ಹಿಂದೆ ಬೀಳುವ ಚೆಲ್ಲಾಟಗಾರನ ಪಾತ್ರವನ್ನು 2014ರವರೆಗೆ ಮಾಡಿದರು. ಪ್ರೇಕ್ಷಕರಿಗೆ ಅದೇನೂ ತೊಡಕಾಗಲಿಲ್ಲ. ಎಷ್ಟೋ ಸಲ ಹೆದರುವವರು ಪ್ರೇಕ್ಷಕರಲ್ಲ, ಪ್ರೇಕ್ಷಕರು ಹೆದರಬಹುದು ಎಂದು ಅಂದಾಜು ಮಾಡುವ ನಿರ್ಮಾಪಕರು.

## ಆಲಿವರ್ ಸಿಪಲ್‌ಗೆ ಆದದ್ದು

ಎರಡೂ ಕಡೆಯ ವಾದ ಒಬ್ಬನೇ ಮನುಷ್ಯನ ಬದುಕಿನಲ್ಲಿ ಡಿಕ್ಕಿ ಹೊಡೆದ ಒಂದು ಘಟನೆ ಇದೆ. ಸ್ವಲ್ಪ ನಿಧಾನವಾಗಿ ನೋಡೋಣ.

1975ರ ಸೆಪ್ಟೆಂಬರ್ 22. ಸ್ಯಾನ್ ಫ್ರಾನ್ಸಿಸ್ಕೊದ ಹೋಟೆಲೊಂದರ ಹೊರಗೆ ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರನ್ನು ನೋಡಲು ಜನ ಸೇರಿದ್ದರು. ಗುಂಪಿನಲ್ಲಿದ್ದ ಸಾರಾ ಜೇನ್ ಮೂರ್ ಎಂಬ ಮಹಿಳೆ ಗುಂಡು ಹಾರಿಸಿದರು. ಅದು ತಪ್ಪಿತು. ಎರಡನೇ ಗುಂಡು ಹಾರಿಸುವಷ್ಟರಲ್ಲಿ ಪಕ್ಕದಲ್ಲಿದ್ದ ವ್ಯಕ್ತಿ ನುಗ್ಗಿ ಆಕೆಯ ತೋಳು ಹಿಡಿದರು. ಅಧ್ಯಕ್ಷರು ಬದುಕಿದರು. ಹಿಡಿದವರು ಆಲಿವರ್ ಸಿಪಲ್, ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡು ಬಂದ ಮಾಜಿ ಸೈನಿಕ.

ಸಿಪಲ್ ಗೇ ಆಗಿದ್ದರು. ಆ ನಗರದ ಗೆಳೆಯರಿಗೆ ಅದು ಗೊತ್ತಿತ್ತು. ದೂರದ ಡೆಟ್ರಾಯ್ಟ್‌ನಲ್ಲಿದ್ದ ಅಪ್ಪ ಅಮ್ಮನಿಗೆ ಗೊತ್ತಿರಲಿಲ್ಲ. ಈ ವಿಷಯ ಬರೆಯಬೇಡಿ ಎಂದು ಅವರು ವರದಿಗಾರರನ್ನು ಕೇಳಿಕೊಂಡರು. ಎರಡೇ ದಿನದಲ್ಲಿ ಪತ್ರಿಕೆಯ ಅಂಕಣದಲ್ಲಿ ಬಂತು. ಅಲ್ಲಿಂದ ದೇಶದ ತುಂಬ ಹರಡಿತು. ಸುದ್ದಿ ಅಂಕಣಕಾರರಿಗೆ ತಲುಪಿದ್ದು ಹಾರ್ವಿ ಮಿಲ್ಕ್ ಮೂಲಕವೇ ಎಂದು ವ್ಯಾಪಕವಾಗಿ ಹೇಳಲಾಗುತ್ತದೆ. ಸಲಿಂಗಿಯೊಬ್ಬ ವೀರನೂ ಆಗಬಲ್ಲ ಎಂದು ದೇಶಕ್ಕೆ ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ ಎಂಬುದು ಆ ಯೋಚನೆಯ ಹಿಂದಿದ್ದ ಕಾರಣ.

ತರ್ಕವಾಗಿ ನೋಡಿದರೆ ಅದು ತಪ್ಪಲ್ಲ. ಓದಿದ ಸಾವಿರಾರು ಮಂದಿಗೆ ಖಂಡಿತ ಬಲ ಬಂದಿರುತ್ತದೆ. ಆದರೆ ಸಿಪಲ್ ತಾಯಿ ಮಗನ ಜೊತೆ ಮಾತು ಬಿಟ್ಟರು. ಅಧ್ಯಕ್ಷರ ಜೀವ ಉಳಿಸಿದ್ದಕ್ಕೂ ತನ್ನ ಒಲವಿಗೂ ಏನೂ ಸಂಬಂಧ ಇಲ್ಲ ಎಂದು ಸಿಪಲ್ ಮತ್ತೆ ಮತ್ತೆ ಹೇಳಿದರು. ಪತ್ರಿಕೆಗಳ ಮೇಲೆ ಮೊಕದ್ದಮೆ ಹೂಡಿದರು. 1984ರಲ್ಲಿ ಮೇಲ್ಮನವಿಯಲ್ಲೂ ಸೋತರು. ಆ ಒಂದು ಕ್ಷಣದ ಧೈರ್ಯದಿಂದ ಅವರು ಸುದ್ದಿಯ ವ್ಯಕ್ತಿಯಾಗಿದ್ದರು, ಅವರ ಒಲವು ಅದಾಗಲೇ ಆ ನಗರದಲ್ಲಿ ಅನೇಕರಿಗೆ ಗೊತ್ತಿತ್ತು ಎಂಬುದು ನ್ಯಾಯಾಲಯದ ನಿಲುವು. ಕುಡಿತ ಹೆಚ್ಚಿತು, ಆರೋಗ್ಯ ಕೆಟ್ಟಿತು. 1989ರಲ್ಲಿ ಸಿಪಲ್ ತೀರಿಕೊಂಡಾಗ ಅವರಿಗೆ 47 ವರ್ಷ.

ಸಿಪಲ್ ಗೇ ಎನ್ನುವುದು ಗುಟ್ಟಾಗಿರಲಿಲ್ಲ ನಿಜ. ಗೆಳೆಯರಿಗೆ ಗೊತ್ತಿದೆ ಎಂದರೆ ತಾಯಿಗೂ ಗೊತ್ತಾಗಲಿ ಎಂದು ಅರ್ಥ ಅಲ್ಲ. ಕಮಿಂಗ್ ಔಟ್ ಒಂದೇ ಸಲ ಮುಗಿಯುವ ಕೆಲಸವೂ ಅಲ್ಲ. ಒಬ್ಬೊಬ್ಬರಿಗೆ ಒಂದೊಂದು ದಿನ, ಒಂದೊಂದು ರೀತಿಯಲ್ಲಿ ಹೇಳಬೇಕಾಗುತ್ತದೆ. ಪತ್ರಿಕೆ ಅದನ್ನು ಎಲ್ಲರಿಗೂ ಒಂದೇ ಬೆಳಿಗ್ಗೆ ಹೇಳಿಬಿಡುತ್ತದೆ.

## ಬೆದರಿಕೆಯ ಚಕ್ರ

ಬಚ್ಚಿಟ್ಟುಕೊಳ್ಳುವುದಕ್ಕೂ ತನ್ನದೇ ಅಪಾಯ ಇದೆ. ಗುಟ್ಟು ಇದ್ದಲ್ಲಿ ಅದನ್ನು ಹಿಡಿದು ಹೆದರಿಸುವವರೂ ಇರುತ್ತಾರೆ.

1953ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 10450ನೇ ಆದೇಶ ಹೊರಡಿಸಿದರು. ಅದರ ಅಡಿಯಲ್ಲಿ ಸಲಿಂಗಿಗಳು ಸರ್ಕಾರಿ ನೌಕರಿ ಕಳೆದುಕೊಂಡರು. ಶತ್ರುಗಳು ಇವರನ್ನು ಬ್ಲ್ಯಾಕ್‌ಮೇಲ್ ಮಾಡಬಹುದು ಎಂಬುದು ಮುಖ್ಯ ಸಮರ್ಥನೆ. ಇದೊಂದು ಚಕ್ರ. ವಿಷಯ ಗೊತ್ತಾದರೆ ಕೆಲಸ ಹೋಗುತ್ತದೆ, ಆದ್ದರಿಂದ ಬಚ್ಚಿಡುತ್ತಾರೆ. ಬಚ್ಚಿಡುವುದರಿಂದ ಬ್ಲ್ಯಾಕ್‌ಮೇಲ್ ಸಾಧ್ಯವಾಗುತ್ತದೆ. ಬ್ಲ್ಯಾಕ್‌ಮೇಲ್ ಸಾಧ್ಯ ಎಂದು ಕೆಲಸದಿಂದ ತೆಗೆಯುತ್ತಾರೆ. ಹೆದರಿಕೆಯನ್ನು ಹುಟ್ಟಿಸಿದ್ದು ಆ ನಿಯಮವೇ. ಬರೀ ಒಲವಿನ ಕಾರಣಕ್ಕೆ ಭದ್ರತಾ ಅನುಮತಿ ನಿರಾಕರಿಸಬಾರದು ಎಂಬ ಆದೇಶ ಬರಲು 1995 ಆಗಬೇಕಾಯಿತು.

2007ರಲ್ಲಿ ತೈಲ ಕಂಪನಿ ಬಿಪಿಯ ಮುಖ್ಯಸ್ಥ ಜಾನ್ ಬ್ರೌನ್ ರಾಜೀನಾಮೆ ಕೊಟ್ಟರು. ಅವರನ್ನು ಬೀಳಿಸಿದ್ದು ಗೇ ಆಗಿದ್ದುದಲ್ಲ. ಸುದ್ದಿ ತಡೆಯಲು ಕೋರ್ಟಿಗೆ ಹೋಗಿ, ಮಾಜಿ ಸಂಗಾತಿಯನ್ನು ಎಲ್ಲಿ ಭೇಟಿಯಾದೆ ಎಂಬ ಬಗ್ಗೆ ಹೇಳಿದ ಒಂದು ಸುಳ್ಳು. ಏಳು ವರ್ಷದ ನಂತರ, 2014ರ ಅಕ್ಟೋಬರ್‌ನಲ್ಲಿ, ಆ್ಯಪಲ್ ಮುಖ್ಯಸ್ಥ ಟಿಮ್ ಕುಕ್ ಪತ್ರಿಕೆಯಲ್ಲಿ ಲೇಖನ ಬರೆದು ಗೇ ಆಗಿರುವುದಕ್ಕೆ ಹೆಮ್ಮೆ ಇದೆ ಎಂದರು. ತನ್ನ ಖಾಸಗಿತನ ತನಗೆ ಬೆಲೆಯುಳ್ಳದ್ದೇ, ಆದರೂ ಒದ್ದಾಡುತ್ತಿರುವ ಯಾರಿಗಾದರೂ ಸಹಾಯ ಆಗುವುದಾದರೆ ಅಷ್ಟು ಬಿಟ್ಟುಕೊಡಬಹುದು ಎಂಬುದು ಆ ಲೇಖನದ ಸಾರ. ಷೇರು ಮೌಲ್ಯದಲ್ಲಿ ಆಗ ಜಗತ್ತಿನ ಅತಿ ದೊಡ್ಡದಾಗಿದ್ದ ಕಂಪನಿಯ ಕುರ್ಚಿಯಲ್ಲಿ ಕೂತು ಕುಕ್ ಅದನ್ನು ಹೇಳಿದರು ಎನ್ನುವುದನ್ನೂ ಮರೆಯಬಾರದು. ಕೆಲಸ ಹುಡುಕುತ್ತಿರುವ ಹೊಸಬರ ಮುಂದೆ ಅದೇ ಆಯ್ಕೆ ಅಷ್ಟೇ ಹಗುರವಾಗಿ ಇರುವುದಿಲ್ಲ.

ಭಾರತದಲ್ಲಿ ಈ ಪ್ರಶ್ನೆ ಇನ್ನೊಂದು ವೇಷದಲ್ಲಿ ಬಂತು. ವಕೀಲ ಸೌರಭ್ ಕಿರ್ಪಾಲ್ ಅವರನ್ನು ದೆಹಲಿ ಹೈಕೋರ್ಟ್ ನ್ಯಾಯಮೂರ್ತಿ ಮಾಡಬೇಕೆಂದು ನ್ಯಾಯಮೂರ್ತಿಗಳ ಹೆಸರು ಸೂಚಿಸುವ ಹಿರಿಯ ನ್ಯಾಯಮೂರ್ತಿಗಳ ಕೂಟವಾದ ಸುಪ್ರೀಂ ಕೋರ್ಟ್ ಕೊಲಿಜಿಯಂ 2021ರಲ್ಲಿ ಶಿಫಾರಸು ಮಾಡಿತು. ಸರ್ಕಾರದ ಕಡೆಯ ಆಕ್ಷೇಪ ಎರಡು: ಅವರ ಸಂಗಾತಿ ಸ್ವಿಸ್ ಪ್ರಜೆ, ಮತ್ತು ಅವರು ತಮ್ಮ ಒಲವಿನ ಬಗ್ಗೆ ಮುಚ್ಚುಮರೆ ಇಲ್ಲದೆ ಇದ್ದಾರೆ. 2023ರ ಜನವರಿಯಲ್ಲಿ ಕೊಲಿಜಿಯಂ ಶಿಫಾರಸನ್ನು ಮತ್ತೆ ಕಳುಹಿಸಿ, ಬಚ್ಚಿಡದೆ ಇರುವುದು ಕಿರ್ಪಾಲ್ ಅವರ ಹೆಗ್ಗಳಿಕೆ ಎಂದು ಬರೆಯಿತು. ಹೇಳಿಕೊಂಡವರಿಗೆ ಪಕ್ಷಪಾತದ ಗುಮಾನಿ, ಹೇಳಿಕೊಳ್ಳದವರಿಗೆ ಕಪಟಿ ಎಂಬ ಹೆಸರು. ಎರಡು ಕಡೆಯಿಂದಲೂ ಬಾಗಿಲು ಹಾಕಿದರೆ ಮನುಷ್ಯ ಎಲ್ಲಿ ಹೋಗಬೇಕು?

## ಅಧಿಕಾರದಲ್ಲಿ ಇರುವವರ ಮಾತು ಬೇರೆ

ಒಂದು ವಿನಾಯಿತಿ ಬಗ್ಗೆ ಹಳೆಯ ಜಗಳ ಇದೆ. ತಾನು ಸಲಿಂಗಿಯಾಗಿದ್ದೂ ಸಲಿಂಗಿಗಳ ವಿರುದ್ಧ ಕಾನೂನು ಮಾಡುವ ರಾಜಕಾರಣಿಯ ವಿಷಯ ಏನು? 1987ರಲ್ಲಿ ಹೇಳಿಕೊಂಡ ಅಮೆರಿಕದ ಸಂಸದ ಬಾರ್ನಿ ಫ್ರಾಂಕ್ ಇದಕ್ಕೆ ಒಂದು ಅಳತೆಗೋಲು ಕೊಟ್ಟರು. ಖಾಸಗಿತನ ಎಲ್ಲರಿಗೂ ಇದೆ, ಆದರೆ ಬೇರೆ ಸಲಿಂಗಿಗಳನ್ನು ನೋಯಿಸಲು ಅಧಿಕಾರ ಬಳಸುವವರಿಗೆ ಆ ರಕ್ಷಣೆ ಇಲ್ಲ ಎನ್ನುವುದು ಅದರ ಅರ್ಥ.

ಹಂಗೇರಿಯ ಯೋಜೆಫ್ ಸಾಯೆರ್ ಪ್ರಕರಣ ಇದಕ್ಕೆ ಹೊಂದುತ್ತದೆ. ಮದುವೆ ಎಂದರೆ ಗಂಡು ಹೆಣ್ಣಿನ ನಡುವಿನದು ಎಂದು ಹೇಳುವ ಆ ದೇಶದ 2011ರ ಸಂವಿಧಾನವನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. 2020ರ ನವೆಂಬರ್‌ನಲ್ಲಿ, ಕೋವಿಡ್ ನಿರ್ಬಂಧ ಇದ್ದಾಗ, ಬ್ರಸೆಲ್ಸ್‌ನಲ್ಲಿ ಗಂಡಸರಷ್ಟೇ ಸೇರಿದ್ದ ಪಾರ್ಟಿಗೆ ಪೊಲೀಸರು ನುಗ್ಗಿದಾಗ ಅಲ್ಲಿ ಸಿಕ್ಕಿಬಿದ್ದರು. ಯುರೋಪಿಯನ್ ಸಂಸತ್ತಿನ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ಇಲ್ಲಿ ಜನರಿಗೆ ತಿಳಿಯುವ ಹಕ್ಕು ಇದೆ ಎನ್ನುವುದು ನನಗೆ ಸರಿ ಕಾಣುತ್ತದೆ. ತಾನು ಪಾಲಿಸದ ಕಟ್ಟಳೆಯನ್ನು ಬೇರೆಯವರ ಮೇಲೆ ಹೇರುವವರು ಹೊಣೆಗಾರರು.

ಆದರೆ ಈ ಬಾಗಿಲನ್ನು ಅಗಲ ಮಾಡಿದಷ್ಟೂ ಅಪಾಯ ಜಾಸ್ತಿ. 1994ರಲ್ಲಿ ಸಲಿಂಗಿಗಳ ಹಕ್ಕಿಗಾಗಿ ಹೋರಾಡುವ ಬ್ರಿಟನ್ನಿನ ಔಟ್‌ರೇಜ್ ಸಂಘಟನೆ ಹತ್ತು ಮಂದಿ ಬಿಷಪ್‌ಗಳ ಹೆಸರು ಹಿಡಿದು, ಸತ್ಯ ಹೇಳಿ ಎಂದು ಒತ್ತಾಯಿಸಿತು. ಒಂದು ಹೆಸರು ತಪ್ಪಾದರೂ ಸರಿಪಡಿಸುವ ದಾರಿ ಇರುವುದಿಲ್ಲ. ಇನ್ನೊಂದು ಪರಿಣಾಮವೂ ಇದೆ. 'ಸಿಕ್ಕಿಬಿದ್ದ' ಎಂಬ ರೀತಿಯಲ್ಲಿ ಸುದ್ದಿ ಬಂದಾಗ, ಗೇ ಆಗಿರುವುದೇ ಅಪರಾಧ ಎಂದು ಮನೆಯಲ್ಲಿ ಕೂತು ಟಿವಿ ನೋಡುವ ಮಗು ಕಲಿಯುತ್ತದೆ. ಕಪಟವನ್ನು ಬಯಲು ಮಾಡುವಾಗ ಒತ್ತು ಬೀಳಬೇಕಾದದ್ದು ಕಪಟದ ಮೇಲೆ.

## ಮುಂದೆ ಏನಾಗಬಹುದು?

ಒತ್ತಾಯ ಬರುವ ದಿಕ್ಕು ಬದಲಾಗಿದೆ. ಹಿಂದೆ ಪತ್ರಿಕೆಗಳು ಬೆನ್ನುಹತ್ತುತ್ತಿದ್ದವು. ಈಗ ಲಕ್ಷಾಂತರ ಅಭಿಮಾನಿಗಳು ಫೋಟೊ ಜೂಮ್ ಮಾಡಿ, ಯಾರ ಕೈ ಯಾರು ಹಿಡಿದರು ಎಂದು ಲೆಕ್ಕ ಹಾಕುತ್ತಾರೆ. ಪತ್ರಿಕೆಯನ್ನು ಕ್ಷಮೆ ಕೇಳುವಂತೆ ಮಾಡಬಹುದು. ಲಕ್ಷ ಜನರ ಗುಂಪಿನಲ್ಲಿ ಯಾರಿಂದ ಕ್ಷಮೆ ಕೇಳಿಸುತ್ತೀರಿ? ಕಾನರ್‌ಗೆ ಆದದ್ದು ಇನ್ನಷ್ಟು ಮಂದಿಗೆ ಆಗುವ ಸಾಧ್ಯತೆ ಇದೆ. ಹೀಗೇ ಆದರೆ ಸಲಿಂಗಿ ಪಾತ್ರಗಳನ್ನು ಒಪ್ಪಿಕೊಳ್ಳಲು ಚಿಕ್ಕ ವಯಸ್ಸಿನ ನಟರು ಹಿಂಜರಿಯುತ್ತಾರೆ.

ದೇಶದಿಂದ ದೇಶಕ್ಕೆ ಅಂತರವೂ ಹೆಚ್ಚುತ್ತಿದೆ. 2014ರ ನವೆಂಬರ್‌ನಲ್ಲಿ ಲಾಟ್ವಿಯಾದ ವಿದೇಶಾಂಗ ಸಚಿವ ಎಡ್ಗರ್ಸ್ ರಿಂಕೇವಿಚ್ಸ್ ಒಂದು ಟ್ವೀಟ್‌ನಲ್ಲಿ ಹೇಳಿ ಮುಗಿಸಿದರು, 2023ರಲ್ಲಿ ಅದೇ ದೇಶದ ಅಧ್ಯಕ್ಷರಾದರು. ಇನ್ನೊಂದು ಕಡೆ 60ಕ್ಕೂ ಹೆಚ್ಚು ದೇಶಗಳಲ್ಲಿ ಸಲಿಂಗ ಸಂಬಂಧ ಇಂದಿಗೂ ಅಪರಾಧ. ಉಗಾಂಡಾದಲ್ಲಿ 2010ರಲ್ಲಿ ಪತ್ರಿಕೆಯೊಂದು ಸಲಿಂಗಿಗಳ ಹೆಸರು, ಫೋಟೊ ಹಾಕಿ ನೇಣಿಗೆ ಹಾಕಿ ಎಂದು ಬರೆಯಿತು. ಅದರಲ್ಲಿ ಹೆಸರಿದ್ದ ಹೋರಾಟಗಾರ ಡೇವಿಡ್ ಕಾಟೊ ಪತ್ರಿಕೆಯ ವಿರುದ್ಧ ಕೋರ್ಟಿನಲ್ಲಿ ಗೆದ್ದರು. ಗೆದ್ದ ಕೆಲವೇ ವಾರದಲ್ಲಿ, 2011ರ ಜನವರಿ 26ರಂದು, ಮನೆಯಲ್ಲೇ ಕೊಲೆಯಾದರು. ಆ ದೇಶದ 2023ರ ಕಾನೂನಿನಲ್ಲಿ ಕೆಲವು ಸಂದರ್ಭಗಳಿಗೆ ಮರಣದಂಡನೆಯೂ ಇದೆ. ಅಲ್ಲಿನ ಗಾಯಕರನ್ನೋ ಆಟಗಾರರನ್ನೋ ಕುಕ್ ಥರ ನೀವೂ ಹೇಳಿ ಎಂದು ಕೇಳುವುದು ಕ್ರೌರ್ಯವಾಗುತ್ತದೆ.

ಹಾಗಾಗಿ "ನೀವು ಯಾಕೆ ಹೇಳಲಿಲ್ಲ?" ಎಂಬ ಪ್ರಶ್ನೆ ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಅದು ಹೋಗಬೇಕಾದದ್ದು ಬೆಲೆ ನಿಗದಿ ಮಾಡುವವರ ಕಡೆಗೆ: ಒಪ್ಪಂದ ರದ್ದು ಮಾಡುವ ಕಂಪನಿ, ಗ್ಯಾಲರಿಯ ಬೈಗುಳ ಕೇಳಿಸಿಕೊಂಡೂ ಸುಮ್ಮನಿರುವ ಕ್ಲಬ್, ಗಡುವು ಕೊಡುವ ಸಂಪಾದಕರು, ಕಾನೂನು ಮಾಡುವ ಸಂಸತ್ತು. ಬೆಲೆ ಇಳಿದ ಕಡೆಯಲ್ಲೆಲ್ಲ ಜನ ಯಾರೂ ಒತ್ತಾಯಿಸದೆ ತಾವಾಗಿ ಹೇಳಿದ್ದಾರೆ.

ಡೇನಿಯಲ್ಸ್ ವಿಷಯದಲ್ಲಿ ಆದದ್ದು ಹಾಗೆ. ಅವರು ಮೊದಲು ಹೇಳಿದ್ದು ಅಮ್ಮನಿಗೆ ಮತ್ತು ಸೋದರಿಗೆ. ಆಮೇಲೆ ಕ್ಲಬ್ಬಿಗೆ, ಜೊತೆ ಆಟಗಾರರಿಗೆ. ಜಗತ್ತಿಗೆ ಹೇಳಿದ್ದು ಎಲ್ಲಕ್ಕಿಂತ ಕೊನೆಗೆ, ತಯಾರಾದ ಮೇಲೆ. ಅಮ್ಮನಿಗೆ ಹೇಳಿದ ಮರುದಿನ ಅಕ್ರಿಂಗ್ಟನ್ ತಂಡದ ವಿರುದ್ಧ ಯುವ ತಂಡದ ಪಂದ್ಯ ಇತ್ತು. ಆ ದಿನ ಡೇನಿಯಲ್ಸ್ ನಾಲ್ಕು ಗೋಲು ಹೊಡೆದರು.